ಬಿಳಿಚಿದ ಪಾಲಿಶ್

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಕಣ್ಣುರಿ ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ? ಕೈನಡುಕ ನಿಂತಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ಹೋದ ಜೀವ ಬಂದಂತಾಯಿತು. ಮಗಳು ಚೆನ್ನಾಗಿದ್ದಾಳೆ. ಹಟ ಮಾತ್ರ ನಿಮ್ಮದೇ, ಇನ್ಯಾರದಿರಬೇಕು.

ಮೊನ್ನೆ ವ್ಯಸನಮುಕ್ತಿ ಕೇಂದ್ರದಲ್ಲಿ ಎಲ್ಲರ ಮುಂದೆ ನಿಂತು ತಪ್ಪುಗಳನ್ನು ಒಪ್ಪಿಕೊಂಡಿರಿ. ಬೀದಿಯಲ್ಲಿ ಬಿದ್ದದ್ದು, ನನ್ನ ಮೇಲೆ ಕೂಗಾಡಿದ್ದು, ಎಲ್ಲ ಬಂತು. ಪಕ್ಕದಲ್ಲಿ ಕೂತಿದ್ದ ಯಾರದೋ ತಾಯಿ ಕಣ್ಣೊರೆಸಿಕೊಂಡರು. "ಅಹಂಕಾರ, ಭಯ ಎರಡನ್ನೂ ಬಿಟ್ಟು ಹೇಳಿದ್ದೀನಿ" ಅಂದಿರಲ್ಲ, ನಂಬಿಬಿಟ್ಟೆ. ನಾನೆಂಥ ಪೆದ್ದಿ.

ನಿನ್ನೆ ಅಪ್ಪ ಹೊಸ ಸ್ಪಿರಿಟ್‌ನಲ್ಲಿ ಕರಗಿಸಿಟ್ಟ ಅರಗನ್ನು ತೆಗೆದು, ಹೊತ್ತು ಕಳೆಯಲೆಂದು ಮೊಮ್ಮಗಳ ಮರದ ಸ್ಟೂಲಿಗೆ ಒಂದು ಕೈ ಪಾಲಿಶ್ ಎಳೆದರು. ಕನ್ನಡಿಯ ಹಾಗೆ ಹೊಳೆಯಿತು. ಹೋದ ವರ್ಷ ಅದೇ ಕೈ ಎಳೆದದ್ದೆಲ್ಲ ಬಿಳಿಚಿಕೊಳ್ಳುತ್ತಿತ್ತು. ಸ್ಪಿರಿಟಿಗೆ ನೀರು ಸೇರಿದರೆ ಪಾಲಿಶ್ ಬಿಳಿಚುತ್ತದೆಂದು ನಮ್ಮ ಅಂಗಡಿಯ ಬೆಕ್ಕಿಗೂ ಗೊತ್ತು. ಆದರೆ ಉಗ್ರಾಣದ ಬೀಗದ ಕೈ ಮನೆಯ ಅಳಿಯನ ಬಳಿ ಇರುವಾಗ ಅನುಮಾನ ಯಾರಿಗೆ ಬರುತ್ತದೆ? ಅಪ್ಪ ತನ್ನ ಬೆವರುವ ಕೈಯನ್ನೇ ಬೈದುಕೊಂಡು, ಜೀವಮಾನದ ಕೆಲಸ ಬಿಟ್ಟು ಮೂಲೆ ಹಿಡಿದರು. ಅವರ ಜಾಗದಲ್ಲಿ ನೀವು ಕೂತಿರಿ. ನಾನು ಹಳೆಯ ಡಬ್ಬ ಹುಡುಕಿ ಮೂಸಿ ನೋಡಿದೆ. ಸ್ಪಿರಿಟ್ ಕುಡಿದು ಅಷ್ಟೇ ನೀರು ಸುರಿದಿಟ್ಟಿದ್ದೀರಿ. ನಿಮ್ಮ ಕೆಲಸಕ್ಕೆ ಮಾತ್ರ ನೀರು ಬೆರೆಸದ ಒಳ್ಳೆಯ ಡಬ್ಬ ಇಟ್ಟುಕೊಂಡಿರಿ.

ಕುಡಿದದ್ದಕ್ಕೆ ಸಿಟ್ಟಿಲ್ಲ, ಅದು ಕಾಯಿಲೆ ಎಂದು ಅಲ್ಲಿಯವರೇ ತಿಳಿಹೇಳಿದ್ದಾರೆ. ಆ ವಿಷ ಕುಡಿದೂ ಕಣ್ಣು ಉಳಿದದ್ದೇ ಪುಣ್ಯ. ಆದರೆ ಅಪ್ಪ ಊಟಕ್ಕೆ ಕೂತಾಗಲೆಲ್ಲ ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರೆ, ಎದುರಿಗೆ ಕೂತು "ವಯಸ್ಸಾಯ್ತಲ್ಲ ಮಾವ, ಬಿಡಿ" ಅಂದಿರಲ್ಲ, ಅದು ಯಾವ ಕಾಯಿಲೆ? ಗುರುತಿಲ್ಲದವರ ಮುಂದೆ ಅಳುವುದು ಸುಲಭ. ಮಾವನ ಕಣ್ಣಲ್ಲಿ ಸಣ್ಣವರಾಗುವ ಭಯ, ಅವರಿಗಿಂತ ಒಳ್ಳೆಯ ಕೆಲಸಗಾರ ಎನಿಸಿಕೊಂಡ ಜಂಬ, ಎರಡೂ ಇನ್ನೂ ನಿಮ್ಮಲ್ಲಿ ಹಾಗೇ ಇವೆ. ನನಗೆ ಮೋಸವಾಗಿದೆ, ಅಪ್ಪನಿಗೆ ಅದಕ್ಕಿಂತ ದೊಡ್ಡ ಮೋಸವಾಗಿದೆ.

ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ. ಸ್ವೆಟರ್ ಕಳಿಸುತ್ತಿದ್ದೇನೆ. ಸಿಟ್ಟಿನಲ್ಲಿ ಹೆಣೆದು ಮುಗಿಸಿದರೂ ತೋಳು ಎರಡೂ ಸರಿಯಾಗಿವೆ.

ನಿಮ್ಮ ಮಗಳ ಅಮ್ಮ

ಮರೆತಿದ್ದೆ: ಅಪ್ಪ ಸ್ಟೂಲನ್ನು ಬೆಳಕಿಗೆ ಹಿಡಿದು, "ಹಾಗಾದ್ರೆ ನನ್ನ ಕೈ ಕೆಟ್ಟಿರಲಿಲ್ವೇನಮ್ಮಾ?" ಎಂದು ಕೇಳಿದರು. "ನಿಮ್ಮ ಅಳಿಯನನ್ನೇ ಕೇಳಿ" ಎಂದಿದ್ದೇನೆ. ಭಾನುವಾರ ಬೆಳಗಿನ ಬಸ್ಸಿಗೆ ನಿಮ್ಮಲ್ಲಿಗೆ ಅವರೊಬ್ಬರೇ ಬರುತ್ತಿದ್ದಾರೆ.