ಟೇಪು ವಾಪಸ್ ಕೊಡಿ

ಬಂದರಿನ ಗೇಟು ಕಾಯೋ ಮಾವನಿಗೆ,

ನೀವು ಅಳತೆ ಟೇಪು ಕಿತ್ಕೊಂಡು ಓಡಿಸಿದ್ರಲ್ಲ, ಆ ತಲೆಹರಟೆ ನಾನೇ. “ಸ್ಕೂಲು ಬಿಟ್ಟೋನಿಗೆ ಬಂದರಿನ ಅಳತೆ ಯಾಕೋ?” ಅಂದ್ರಿ. ಅದು ನನಗಲ್ಲ, ಆರ್ಕಿಟೆಕ್ಚರ್ ಓದೋ ನಮ್ಮಕ್ಕನಿಗೆ. ಹೊಸ ಬಂದರಿನ ವಿನ್ಯಾಸ ಕೊಡದಿದ್ರೆ ಅವಳು ಫೇಲಾಗ್ತಿದ್ಳು.

ನೀವು ಮುಚ್ಚಿದ್ದು ಗೇಟು ತಾನೇ, ಸಮುದ್ರ ಅಲ್ಲವಲ್ಲ! ಮೀನಿನ ದೋಣಿ ಹತ್ತಿ, ವಾಂತಿ ಮಾಡ್ಕೊಂಡೇ ಇಡೀ ಬಂದರನ್ನ ನೀರಿನ ಕಡೆಯಿಂದ ಚಿತ್ರ ಬರ್ಕೊಂಡು ಬಂದೆ. ಅಕ್ಕನ ಕ್ಲಾಸಿನೋರು ಬೇರೆ ಯಾರೂ ಆ ಕಡೆಯಿಂದ ನೋಡೇ ಇರಲಿಲ್ಲ. ಅಕ್ಕ ಇಡೀ ಕಾಲೇಜಿಗೇ ಫಸ್ಟು!

ಭಾನುವಾರ ಅವಳ ಕಾಲೇಜಿನ ಪ್ರದರ್ಶನಕ್ಕೆ ಬನ್ನಿ, ನನ್ನ ಟೇಪು ತನ್ನಿ. ನೀವು ಬಿಸಿಲಲ್ಲಿ ನಿಲ್ಲೋ ಜಾಗಕ್ಕೆ ಅಕ್ಕ ತನ್ನ ವಿನ್ಯಾಸದಲ್ಲಿ ಸೂರು ಹಾಕಿ, ಕೂರೋಕೆ ಕಟ್ಟೆ ಇಟ್ಟಿದ್ದಾಳೆ. ಬೇಡ ಅಂತ ಜಗಳ ಆಡ್ದೆ, ಕೇಳಲಿಲ್ಲ. ಕಟ್ಟೆಯ ಅಗಲ ಮಾತ್ರ ನಾನೇ ಹೇಳಿದ್ದು. ನಿಮ್ಮನ್ನ ಅಳೆಯೋಕೆ ಟೇಪು ಬೇಕಾಗಲಿಲ್ಲ.

ಇಂತಿ,
ಇನ್ನೂ ಸಿಟ್ಟು ಇಳಿಯದ,
ಅವಳ ತಮ್ಮ