ಸೈನ್ಯವಿಲ್ಲದ ದ್ವೀಪ, ಠಾಣೆಯ ಬಾಗಿಲಲ್ಲಿ ಒಬ್ಬ ಫಿಟ್ಟರ್

ನಾಗಪುರ, ಶುಕ್ರವಾರ
೧೫ ಜನವರಿ ೧೯೯೯

ಹೊರದೇಶ ನಿಯೋಜನಾ ವಿಭಾಗದ ನಿರ್ದೇಶಕರಿಗೆ

ಮಾನ್ಯರೇ,

ಇಂದು ನಸುಕಿನ ಎರಡು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯ ಫೋನು ಹೊಡೆದುಕೊಂಡಿತು. ಆ ಹೊತ್ತಿಗೆ ಬರುವ ಕರೆ ಒಂದೇ ಕಡೆಯಿಂದ ಬರಬೇಕು. ಮಗು ಏಳುವುದರೊಳಗೆ ಎತ್ತಿಕೊಂಡೆ. ಮಾಡಿದವರು ನನ್ನ ಗಂಡ ಉಮಾಪತಿ. ಕಳೆದ ಜುಲೈಯಲ್ಲಿ ನಿಮ್ಮ ಕಚೇರಿ ಒಂದು ಪುಟ್ಟ ದ್ವೀಪರಾಷ್ಟ್ರಕ್ಕೆ ಎರಡು ವರ್ಷದ ಮಟ್ಟಿಗೆ ಕಳುಹಿಸಿದ ಐವರು ಹೆಲಿಕಾಪ್ಟರ್ ಫಿಟ್ಟರ್‌ಗಳಲ್ಲಿ ಅವರೂ ಒಬ್ಬರು. ಬರುವ ಸೋಮವಾರ ಬೆಳಗ್ಗೆ ಆರು ಗಂಟೆಯಿಂದ ಅವರಿಗೆ ಪೊಲೀಸ್ ಅಂಗಿ ತೊಡಿಸಿ ಬಂದರಿನ ಠಾಣೆಯ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸುತ್ತಾರೆ. ಅದೇ ಊರಿನಲ್ಲಿ ಈ ಹತ್ತು ದಿನಗಳಲ್ಲಿ ಎರಡು ಠಾಣೆಗಳಿಗೆ ಬೆಂಕಿ ಬಿದ್ದಿದೆ. ನೀವು ಒಂದು ಫೋನು ಮಾಡಿದರೆ ಇದು ನಿಲ್ಲುತ್ತದೆ. ನೀವು ಮಾಡಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದನ್ನೆಲ್ಲ ಬರೆಯುತ್ತಿರುವುದು, ನೀವು ನಮ್ಮವರನ್ನು ಎಂಥ ದೇಶಕ್ಕೆ ಕಳುಹಿಸಿದ್ದೀರಿ ಎಂಬುದು ನಿಮಗೇ ಗೊತ್ತಿದ್ದಂತೆ ಕಾಣುವುದಿಲ್ಲವಾದ್ದರಿಂದ.

ದ್ವೀಪದ ಹೆಸರು ಬರೆಯುವುದಿಲ್ಲ. ಈ ಪತ್ರ ಅಚ್ಚಾಗುವ ಪತ್ರಿಕೆಯಲ್ಲಿ ಹೆಸರು ಬಂದು ಅಲ್ಲಿರುವ ಐವರಿಗೆ ಇನ್ನಷ್ಟು ತೊಂದರೆಯಾಗುವುದು ಬೇಡ.

ಕುಟುಂಬದವರಿಗೆಂದು ನೀವು ಕೊಟ್ಟ ಹನ್ನೊಂದು ಪುಟಗಳ ಕೈಪಿಡಿ ನನ್ನ ಮುಂದಿದೆ. ನಾಲ್ಕನೆಯ ಪುಟದಲ್ಲಿ 'ರಕ್ಷಣಾ ವ್ಯವಸ್ಥೆ' ಎಂಬ ತಲೆಬರಹ. ಅದರ ಕೆಳಗೆ ಒಂದೇ ಒಂದು ವಾಕ್ಯ: 'ಈ ದೇಶಕ್ಕೆ ಸೈನ್ಯವಿಲ್ಲ, ಆದುದರಿಂದ ಇಲ್ಲಿನ ನಿಯೋಜನೆಯನ್ನು ಶಾಂತ ವರ್ಗದಲ್ಲಿ ಸೇರಿಸಲಾಗಿದೆ.' ಅಲ್ಲಿ ಸಿಗುವ ಮೀನುಗಳ ಬಗ್ಗೆ ಇದೇ ಕೈಪಿಡಿ ಒಂದೂವರೆ ಪುಟ ಬರೆದಿದೆ. ನಮ್ಮದು ಮೀನು ಮುಟ್ಟದ ಮನೆ. ಆ 'ಆದುದರಿಂದ' ಎಂಬ ಪದವನ್ನು ಬರೆದ ಮಹಾನುಭಾವರು ಯಾರು, ಅದನ್ನು ಬರೆಯುವ ಮೊದಲು ಎಷ್ಟು ನಿಮಿಷ ಯೋಚಿಸಿದರು ಎಂದು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಏಕೆಂದರೆ ಆ ವಾಕ್ಯವನ್ನು ನಂಬಿದವಳು ನಾನು. ಉಮಾಪತಿಯವರಿಗೆ ಹೋಗುವ ಮನಸ್ಸಿರಲಿಲ್ಲ. ಮಗಳು ರಚನಾ ಆಗ ಎಂಟು ತಿಂಗಳ ಕೂಸು. ಸೈನ್ಯವೇ ಇಲ್ಲದ ದೇಶ, ಅಲ್ಲಿ ಯುದ್ಧ ಮಾಡುವವರು ಯಾರು, ಹೋಗಿ ಬನ್ನಿ ಎಂದು ಹೇಳಿದವಳು ನಾನೇ. ಧಾರವಾಡದಲ್ಲಿ ಇತಿಹಾಸ ಓದಿ ಎಂ.ಎ. ಮಾಡಿದವಳು ಎಂಬ ಜಂಬ ಬೇರೆ. ಕೈಪಿಡಿಯ ಆ ಪುಟವನ್ನು ಮಾವನವರಿಗೂ ಓದಿ ಹೇಳಿದ್ದೆ. ಅವರು ರುದ್ರಪ್ಪನವರು, ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಗಾರ್ಡ್ ಆಗಿದ್ದವರು, ಓದಿದ್ದು ಏಳನೆಯ ಇಯತ್ತೆ. ಪೂರಾ ಕೇಳಿಸಿಕೊಂಡು, "ಸೈನ್ಯ ಇಲ್ಲಂದ್ರ ಸೈನ್ಯದ ಕೆಲಸ ಯಾರ್ ಮಾಡ್ತಾರವಾ? ಇದ್ದ ಪೊಲೀಸರ ಕಡಿಂದನ ಮಾಡಿಸ್ತಾರ," ಎಂದರು. ನಾನು ನಕ್ಕುಬಿಟ್ಟೆ. ನಿಮ್ಮ ಇಡೀ ವಿಭಾಗಕ್ಕೆ ಹೊಳೆಯದ್ದು ಒಬ್ಬ ನಿವೃತ್ತ ಗಾರ್ಡ್‌ಗೆ ಒಂದು ಲೋಟ ಚಹಾ ಮುಗಿಯುವುದರೊಳಗೆ ಹೊಳೆದಿತ್ತು.

ಮಾವನವರ ಮಾತು ಎಷ್ಟು ನಿಜವೆಂಬುದು ಗಂಡ ದ್ವೀಪಕ್ಕೆ ಹೋದ ಮೇಲೆ ತಿಳಿಯಿತು. ಗಂಡ ಬರೆದ ಪತ್ರಗಳಿಂದ ಸ್ವಲ್ಪ, ಇಲ್ಲಿನ ಗ್ರಂಥಾಲಯದಲ್ಲಿ ಸಿಕ್ಕ ಹಳೆಯ ವಾರ್ಷಿಕ ಸಂಪುಟಗಳಿಂದ ಸ್ವಲ್ಪ. ಕೇಳಿ. ಬ್ರಿಟಿಷರ ಕಾಲದಲ್ಲಿ ಆ ದ್ವೀಪಕ್ಕೂ ಒಂದು ರೆಜಿಮೆಂಟ್ ಇತ್ತು. ನಿಮ್ಮ ಊರಿನ ಕಡಲತೀರ ಕಾಯಲು ಎಂದು ಹೇಳಿ ಹುಡುಗರನ್ನು ಸೇರಿಸಿಕೊಂಡರು. ಮಹಾಯುದ್ಧ ಬಂದಾಗ ಅವರನ್ನು ಹಡಗು ಹತ್ತಿಸಿ, ಎಲ್ಲಿಯದೋ ಬಂದರಿಗೆ ಒಯ್ದು, ಕಲ್ಲಿದ್ದಲು ಹೊರಲು ಹಚ್ಚಿದರು. ಹುಡುಗರು ಮೂರನೆಯ ದಿನ ಬುಟ್ಟಿ ಕೆಳಗಿಟ್ಟು ಕೂತುಬಿಟ್ಟರು. ಅದಕ್ಕೆ ದಂಗೆ ಎಂದು ಹೆಸರಾಯಿತು, ರೆಜಿಮೆಂಟ್ ಬರಖಾಸ್ತಾಯಿತು. ಒಂದು ಕೆಲಸಕ್ಕೆಂದು ಕರೆದೊಯ್ದು ಇನ್ನೊಂದು ಕೆಲಸಕ್ಕೆ ಹಚ್ಚುವ ಪದ್ಧತಿ ಅಲ್ಲಿ ಹೊಸದಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಆಮೇಲೆ ಸ್ವಾತಂತ್ರ್ಯ ಬಂತು. ಸುತ್ತಲಿನ ದೇಶಗಳಲ್ಲಿ ಮಲಗಿದ್ದ ಅಧ್ಯಕ್ಷರನ್ನು ಅವರದೇ ಸೈನ್ಯದ ಕ್ಯಾಪ್ಟನ್‌ಗಳು ಎಬ್ಬಿಸಿ ಜೈಲಿಗೆ ಒಯ್ಯುವುದನ್ನು ಅಲ್ಲಿನ ಮುಖಂಡರು ನೋಡುತ್ತಿದ್ದರು. ನಮಗೆ ಸೈನ್ಯವೇ ಬೇಡ ಎಂದು ತೀರ್ಮಾನಿಸಿದರು. ಇದ್ದ ಪೊಲೀಸ್ ಪಡೆಯನ್ನೇ ಹಿಗ್ಗಿಸಿದರು. ಅದರ ಮೇಲೆ ಒಬ್ಬ ಕಮಿಷನರ್. ಅವನ ಕೈಕೆಳಗೆ ಠಾಣೆಗಳ ಸಾದಾ ಪೇದೆಗಳು. ರೈಫಲ್ ಹಿಡಿದು ರಾಷ್ಟ್ರೀಯ ದಿನದಂದು ಕವಾಯತು ಮಾಡುವ ನಾನೂರು ಜನರ ಸಂಚಾರಿ ದಳ. ಮೂರು ದೋಣಿಗಳ ಕರಾವಳಿ ದಳ. ಎರಡು ಹೆಲಿಕಾಪ್ಟರ್‌ಗಳ ವಿಮಾನ ದಳ. ಆ ಎರಡೂ ನಮ್ಮ ದೇಶದ ಕೊಡುಗೆ. ಈ ವರ್ಷ ಚೌಕದಲ್ಲಿ ವಾಹನಗಳಿಗೆ ಕೈ ತೋರಿಸುವವನು ಬರುವ ವರ್ಷ ರೈಫಲ್ ಹಿಡಿಯುತ್ತಾನೆ, ಅದರ ಮರುವರ್ಷ ದೋಣಿ ಹತ್ತುತ್ತಾನೆ. ಎಲ್ಲರಿಗೂ ಒಂದೇ ನೀಲಿ ಅಂಗಿ, ಎದೆಯ ಮೇಲೆ ಆಮೆಯ ಚಿತ್ರವಿರುವ ಒಂದೇ ಹಿತ್ತಾಳೆ ಬಿಲ್ಲೆ. ಅವರ ಪಾಲಿಗೆ ಇದು ಜಾಣತನವೇ. ಮೂವತ್ತು ವರ್ಷಗಳಲ್ಲಿ ಅಲ್ಲಿ ಯಾರೂ ಸರ್ಕಾರ ಉರುಳಿಸಿಲ್ಲ. ಆ ಜಾಣತನದೊಳಗೆ ನಮ್ಮ ಫಿಟ್ಟರ್‌ಗಳನ್ನು ತೂರಿಸಿದ ನಿಮ್ಮದು ಏನು ಎಂಬುದಷ್ಟೇ ನನ್ನ ಪ್ರಶ್ನೆ.

ಸೈನ್ಯವಿರುವ ಕಡೆ ಎಂಜಿನ್ ಬಿಚ್ಚಿ ಜೋಡಿಸುವ ನಾಗರಿಕ ನೌಕರ ನಾಗರಿಕನಾಗಿಯೇ ಉಳಿಯುತ್ತಾನೆ. ಕಾರ್ಯಾಗಾರಕ್ಕೂ ಪೊಲೀಸ್ ಠಾಣೆಗೂ ನಡುವೆ ಒಂದು ಗೋಡೆ ಇರುತ್ತದೆ. ಅಲ್ಲಿ ಆ ಗೋಡೆಯೇ ಇಲ್ಲ. ನೀವು ರುಜು ಮಾಡಿದ ಒಪ್ಪಂದದ ಒಂಬತ್ತನೆಯ ಕಲಮು ಓದಿದ್ದೀರಾ? ನಾನು ಇಂದು ಬೆಳಗಿನ ಜಾವ ಮೂರು ಗಂಟೆಗೆ, ಗಂಡನ ಪೆಟ್ಟಿಗೆಯಲ್ಲಿದ್ದ ಪ್ರತಿ ತೆಗೆದು ಓದಿದೆ. ನಿಯೋಜನೆಯ ಅವಧಿಯಲ್ಲಿ ತಂತ್ರಜ್ಞರನ್ನು ದ್ವೀಪದ ಪೊಲೀಸ್ ಪಡೆಯ ವಿಶೇಷ ಪೇದೆಗಳೆಂದು ಪರಿಗಣಿಸಲಾಗುವುದು ಎಂದಿದೆ. ಅಲ್ಲಿ ಬೇರೆ ಪಡೆಯೇ ಇಲ್ಲದ ಮೇಲೆ ಇನ್ನೇನೆಂದು ಪರಿಗಣಿಸಿಯಾರು? ಎಂಟು ವರ್ಷ ಸ್ಪ್ಯಾನರ್ ಹಿಡಿದ ಮನುಷ್ಯನನ್ನು ಒಂದು ರುಜುವಿನಲ್ಲಿ ಪೊಲೀಸ್ ಪೇದೆ ಮಾಡಿದಿರಿ. ಅವರಿಗೂ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಮೀನಿನ ಹೆಸರು ಹೇಳಿದಿರಿ.

ಈ ತಿಂಗಳ ಮೊದಲ ವಾರ ಅಲ್ಲಿನ ಬಂದರಿನಲ್ಲಿ ಮೀನುಗಾರರ ಮುಷ್ಕರವಾಯಿತು. ಹಿಡಿದೊಯ್ದವರಲ್ಲಿ ಒಬ್ಬ ಲಾಕಪ್ಪಿನಲ್ಲಿ ಸತ್ತ. ಅವನ ಹೆಣ ಹೊತ್ತು ಹೊರಟ ಜನ ಮೊದಲ ಠಾಣೆಯನ್ನು ಸುಟ್ಟರು. ಅಂದಿನಿಂದ ಎಲ್ಲಿ ನೀಲಿ ಅಂಗಿ ಕಂಡರೂ ಕಲ್ಲು. ಅಂಗಿಯೊಳಗಿರುವವನು ಫಿಟ್ಟರೋ ಫೌಜುದಾರನೋ ಎಂದು ಕಲ್ಲು ಹಿಡಿದವನು ವಿಚಾರಿಸುವುದಿಲ್ಲ. ಆ ಹೆಣದ ಹಿಂದೆ ನಡೆದವರ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಅವನಿಗೂ ಹೆಂಡತಿ ಇದ್ದಿರಬೇಕು. ಆದರೆ ಆ ಸಿಟ್ಟಿಗೂ ನಮ್ಮ ಮನೆಗೂ ಏನು ಸಂಬಂಧ?

ನಿನ್ನೆ ಸಂಕ್ರಾಂತಿ. ಮನೆ ಮಾಲಕಿಯ ಅರಿಶಿನ-ಕುಂಕುಮಕ್ಕೆ ಹೋಗಿದ್ದೆ. ಎಳ್ಳುಂಡೆ ಕೈಗಿಡುತ್ತ ಆಕೆ, ನಿನ್ನ ಯಜಮಾನರು ಫೌಜಿನಲ್ಲೋ ಪೊಲೀಸಿನಲ್ಲೋ ಎಂದು ಮರಾಠಿಯಲ್ಲಿ ಕೇಳಿದರು. ಎರಡೂ ಅಲ್ಲ, ಹೆಲಿಕಾಪ್ಟರ್ ರಿಪೇರಿ ಎಂದು ಬರೋಬರ್ ಉತ್ತರ ಕೊಟ್ಟು ಬಂದೆ. ಆ ಉತ್ತರ ರಾತ್ರಿ ಎರಡು ಹತ್ತರವರೆಗೆ ಮಾತ್ರ ನಿಂತಿತು.

"ವನಜಾ, ಗಾಬರಿ ಆಗಬ್ಯಾಡ," ಎಂದರು ಫೋನಿನಲ್ಲಿ. "ನಮಗೂ ಅಂಗಿ ಕೊಟ್ಟಾರ."

"ಎಂಥಾ ಅಂಗಿ ರೀ?"

"ನೀಲಿದು. ಪೇದೆಗಳು ಸಾಲವಲ್ಲರಂತ. ಸೋಮವಾರ ಮುಂಜಾನೆ ಆರಕ್ಕ ಬಂದರಿನ ಠಾಣೆ ಬಾಗಲಾಗ ನಿಂದ್ರಬೇಕಂತ, ಐದೂ ಮಂದಿ."

"ನಿಮಗ ಬಂದೂಕ ಹಿಡಿಯಾಕ ಎಲ್ಲಿ ಬರ್ತೈತಿ?"

"ಬಂದೂಕ ಕೊಡೂದಿಲ್ಲ. ಒಂದೊಂದು ಬಡಿಗಿ ಕೊಡ್ತಾರ."

ನನ್ನನ್ನು ನಗಿಸಲೆಂದೇ ಹಾಗೆ ಹೇಳಿದರು ಎಂಬುದು ಗೊತ್ತಾಯಿತು. ನಗಲು ಆಗಲಿಲ್ಲ. ಅವರ ಫೋನ್ ಕಾರ್ಡಿನಲ್ಲಿ ದುಡ್ಡು ಮುಗಿಯುತ್ತಿತ್ತು. ಮುಖ್ಯವಾದದ್ದನ್ನು ಅವಸರದಲ್ಲಿ ಹೇಳಿದರು. ಅಲ್ಲಿರುವ ನಮ್ಮ ಸಂಪರ್ಕಾಧಿಕಾರಿಯನ್ನು ಐವರೂ ಹೋಗಿ ಕಂಡಿದ್ದಾರೆ. ಆತ ಒಳ್ಳೆಯವನೇ. ಹದಿನಾಲ್ಕನೆಯ ಕಲಮಿನಂತೆ, ಕಳುಹಿಸಿದ ಕಚೇರಿ ಬೇಡವೆಂದರೆ ತಂತ್ರಜ್ಞರನ್ನು ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ, ಬಾಯಿಮಾತಿನ ಸೂಚನೆಯೂ ನಡೆಯುತ್ತದೆ, ಆದರೆ ಅದು ನಿರ್ದೇಶಕರ ಬಾಯಿಂದಲೇ ಬರಬೇಕು ಎಂದನಂತೆ. ಅವನು ನಿಮಗೆ ಎರಡು ಸಲ ಸಂದೇಶ ಕಳುಹಿಸಿದ್ದಾನೆ. ಉತ್ತರವಿಲ್ಲ.

ಬೆಳಗ್ಗೆ ಹತ್ತಕ್ಕೆ ಬೆಂಗಳೂರಿನ ನಿಮ್ಮ ಕಚೇರಿಗೆ ಫೋನು ಮಾಡಿದೆ. ಮೊದಲ ಠಾಣೆಗೆ ಬೆಂಕಿ ಬಿದ್ದ ಸುದ್ದಿ ಬಂದಾಗಿನಿಂದ, ಈ ಹತ್ತು ದಿನಗಳಲ್ಲಿ, ಇದು ಆರನೆಯ ಸಲ. ನಿಮ್ಮ ಗುಮಾಸ್ತರಿಗೆ ನನ್ನ ದನಿ ಪರಿಚಯವಾಗಿಬಿಟ್ಟಿದೆ. ಸಾಹೇಬರು ಇಲ್ಲ, ಸೇನಾ ದಿನದ ಸಮಾರಂಭಕ್ಕೆ ಹೋಗಿದ್ದಾರೆ ಎಂದರು. ನಮ್ಮ ಸೇನೆಗೆ ನನ್ನ ನಮಸ್ಕಾರವಿದೆ, ಚಪ್ಪಾಳೆ ತಟ್ಟಬೇಕಾದದ್ದೇ. ನಾನು ಬಂದರು, ಬೆಂಕಿ ಎಲ್ಲವನ್ನೂ ಮತ್ತೆ ಒದರಿದೆ, ಈ ಸಲ ಅಂಗಿಯನ್ನೂ ಸೇರಿಸಿದೆ. ಆತ ಸಮಾಧಾನದಿಂದ, "ಮೇಡಂ, ಅದು ಶಾಂತ ವರ್ಗದ ಪೋಸ್ಟಿಂಗು. ಅಲ್ಲಿ ಮಿಲಿಟರಿನೇ ಇಲ್ವಲ್ಲ, ಭಯ ಯಾಕೆ?" ಎಂದರು. ನಿಮ್ಮ ಮನೆಯ ಸಂಖ್ಯೆ ಕೇಳಿದೆ. ಕೊಡುವ ಪದ್ಧತಿ ಇಲ್ಲವಂತೆ. ನಾಳೆ, ನಾಡಿದ್ದು ರಜೆ. ಸೋಮವಾರ ಹತ್ತೂವರೆಗೆ ಮಾಡಿ, ಸಾಹೇಬರು ಖಂಡಿತ ಸಿಗುತ್ತಾರೆ ಎಂದರು. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ, ಮಾನ್ಯರೇ. ಅಲ್ಲಿ ಆರಾದಾಗ ನಮಗೆ ಏಳೂವರೆ. ನೀವು ಖಂಡಿತ ಸಿಗುವ ಹೊತ್ತಿಗೆ ನನ್ನ ಗಂಡ ಆ ಬಾಗಿಲಲ್ಲಿ ನಿಂತು ಮೂರು ಗಂಟೆಯಾಗಿರುತ್ತದೆ.

ಬೆಂಕಿ ಬಿದ್ದಾಗಿನಿಂದ ಅವರ ಸುರಕ್ಷತೆಗಾಗಿ ಅರ್ಜಿಯನ್ನು ಇಂಗ್ಲಿಷಿನಲ್ಲಿ ಎರಡು ಸಲ, ಹಿಂದಿಯಲ್ಲಿ ಒಂದು ಸಲ ಕಳುಹಿಸಿದ್ದೇನೆ. ಈಗ ಕನ್ನಡ ಪತ್ರಿಕೆಯಲ್ಲಿ ಬರೆಯಲು ಕಾರಣ ನೀವೇ. ಕಳೆದ ನವೆಂಬರಿನಲ್ಲಿ ನಾಗಪುರದ ಕನ್ನಡಿಗರ ಸಮಾರಂಭಕ್ಕೆ ಅತಿಥಿಯಾಗಿ ಬಂದಾಗ, ಭಾನುವಾರ ಕನ್ನಡ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದದೆ ಸ್ನಾನಕ್ಕೂ ಏಳುವುದಿಲ್ಲ ಎಂದು ವೇದಿಕೆಯ ಮೇಲಿಂದ ಹೇಳಿದಿರಿ. ಮೂರನೆಯ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಸಂಪಾದಕರು ದೊಡ್ಡ ಮನಸ್ಸು ಮಾಡಿ ಈ ಭಾನುವಾರವೇ ಇದಕ್ಕೆ ಜಾಗ ಕೊಡುತ್ತೇನೆಂದಿದ್ದಾರೆ. ಇಂದೇ ಫ್ಯಾಕ್ಸ್ ಮಾಡಬೇಕು.

ಮಗು ಎದ್ದಿದ್ದಾಳೆ, ಮಾವನವರು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಿಸುತ್ತಿದ್ದಾರೆ. ನಾನು ಈ ಹತ್ತು ದಿನ ಸರಿಯಾಗಿ ಮಲಗಿಲ್ಲ. ಮಾತು ಒರಟಾಗಿದ್ದರೆ ಅದೂ ಒಂದು ಕಾರಣ. ನನ್ನ ಬೇಡಿಕೆ ಒಂದೇ. ಸಂಪರ್ಕಾಧಿಕಾರಿಗೆ ಫೋನು ಮಾಡಿ, ನಮ್ಮ ಐವರು ಹೆಲಿಕಾಪ್ಟರ್ ಬಿಟ್ಟು ಬೇರೆ ಕೆಲಸ ಮಾಡುವುದಿಲ್ಲ ಎಂದು ಹೇಳಬೇಕು. ಕಾಗದ ಬೇಡ, ಮೊಹರು ಬೇಡ. ಅರ್ಧ ನಿಮಿಷ ಸಾಕು.

ಇದನ್ನು ನೀವು ಓದುವಾಗ ಭಾನುವಾರವಾಗಿರುತ್ತದೆ. ಇಡೀ ಒಂದು ಹಗಲು, ಒಂದು ರಾತ್ರಿ ನಿಮ್ಮ ಕೈಯಲ್ಲಿರುತ್ತದೆ. ಇಷ್ಟು ಹೊತ್ತು ಜಗಳ ತೆಗೆದೆ, ಇನ್ನು ಬಿಡುತ್ತೇನೆ. ತಪ್ಪು ನಿಮ್ಮದಲ್ಲ ಎಂದು ಬರೆದುಕೊಡಬೇಕೆ? ಕೊಡುತ್ತೇನೆ. ಹಟ ಮಾಡಿ ಕಳುಹಿಸಿದವಳು ನಾನೇ ಎಂದೂ ಬರೆದುಕೊಡುತ್ತೇನೆ, ಅದು ಸುಳ್ಳೂ ಅಲ್ಲ. ಕ್ಷಮೆ ಕೇಳು ಎಂದರೆ ಇದೇ ಪತ್ರಿಕೆಯಲ್ಲಿ ಮುಂದಿನ ಭಾನುವಾರ ಕೇಳುತ್ತೇನೆ. ಈಗ ಮಾತ್ರ ಪತ್ರಿಕೆ ಮಡಿಸಿಟ್ಟು ಎದ್ದುಬಿಡಿ. ಹಗಲು ಆಗದಿದ್ದರೆ ರಾತ್ರಿ ಮಾಡಿ, ಆತ ಮಲಗಿದ್ದರೆ ಎಬ್ಬಿಸಿ. ಸೋಮವಾರ ಬೆಳಗಾಗುವುದರೊಳಗೆ ಒಂದು ಫೋನು ಮಾಡಿ, ಸರ್.

ಇಂತಿ,
ಬೈದ ಬಾಯಿಂದಲೇ ಬೇಡುತ್ತಿರುವ
ವನಜಾಕ್ಷಿ ಉಮಾಪತಿ
ಪ್ರತಾಪ ನಗರ, ನಾಗಪುರ