ಬೇಲಿಯಿಲ್ಲದ ಟೆಂಟು

ಕ್ಲಾರ್ಕ್ಸ್‌ಬರ್ಗ್, ಅಮೆರಿಕ

ಪೂಜ್ಯ ಅತ್ತೆಯವರಿಗೆ ಶರಣು.

ಡುಲುತ್‌ನ ಭಾವನವರ ಮನೆಯಲ್ಲಿ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಮಗ ಮತ್ತು ನಾನು ಜುಲೈನಲ್ಲಿ ಕೆನ್ಯಾದ ವನ್ಯಧಾಮಕ್ಕೆ ಹೊರಟಿರುವುದು ನಿಮಗೆ ಗೊತ್ತೇ ಇದೆ. ಇವರು ಸಿಕ್ಕಸಿಕ್ಕವರಿಗೆಲ್ಲ ಸಿಂಹದ ಬಗ್ಗೆ ಪಾಠ ಹೇಳುತ್ತಿದ್ದರು. ಮೊನ್ನೆ ಅಲ್ಲಿನ ಗೈಡ್ ಫೋನ್ ಮಾಡಿ, ನಾವು ಮಲಗುವ ಟೆಂಟ್‌ಗಳ ಸುತ್ತ ಬೇಲಿ ಇರುವುದಿಲ್ಲ ಎಂದ. ಅಂದಿನಿಂದ "ಜುಲೈನಾಗ ಆಫೀಸಿನ್ಯಾಗ ಭಾಳ ಕೆಲಸ ಐತಿ" ಎನ್ನುತ್ತಿದ್ದಾರೆ. ನಿನ್ನೆ ಹಿತ್ತಲಿಗೆ ಜಿಂಕೆ ಬಂದಾಗ ನನ್ನನ್ನು ಹೊರಗೇ ಬಿಟ್ಟು ಬಾಗಿಲು ಹಾಕಿಕೊಂಡರು. ಕೇಳಿದರೆ, "ಅದಕ್ಕ ಕೋಡು ಇದ್ವು" ಎಂದರು.

ಕಾಡಿನಲ್ಲಿ ಆನೆ ನೋಡಬೇಕೆಂಬುದು ನನ್ನ ಚಿಕ್ಕಂದಿನ ಆಸೆ. ಇವರ ಬದಲು ನೀವು ಬರುತ್ತೀರಾ? ಒಪ್ಪಿಗೆಯಾದರೆ ಪಾಸ್‌ಪೋರ್ಟಿನ ಫೋಟೊ ಕಳಿಸಿ. ರಾತ್ರಿಯ ಚಿಂತೆ ಬೇಡ. ನಿಮ್ಮ ಗೊರಕೆ ಕೇಳಿದರೆ ಸಿಂಹ ಹತ್ತಿರ ಸುಳಿಯುವುದಿಲ್ಲವೆಂದು ನಿಮ್ಮ ಮಗನೇ ಧೈರ್ಯ ಹೇಳಿದ್ದಾರೆ.

ನಿಮ್ಮ ಸೊಸೆ,
ಸಿದ್ದೇಶ್ವರಿ